ಧಾರೆ ಸೀರೆಗೂ ಸವಕಳಿ ಇದೆ

1/10

ಈ ತಿಂಗಳು ನಿಮ್ಮ ಫೀಡ್ ತುಂಬಾ ಮದುವೆ. ನನ್ನದೂ ಅಷ್ಟೆ. ಅಂತರಪಟ ಸರಿಯೋ ಸ್ಲೋ ಮೋಷನ್ನು, ಅಕ್ಷತೆ ಮಳೆ, ಸೆರಗಿನ ಕ್ಲೋಸಪ್ಪು. ಎಲ್ಲಾ ನೋಡ್ತೀವಿ, ಹಾರ್ಟ್ ಒತ್ತಿ ಮುಂದೆ ಹೋಗ್ತೀವಿ. ಆದ್ರೆ ಮದುವೆ ಆಗಿ ಮೂರನೇ ದಿನ ಆ ಧಾರೆ ಸೀರೆ ಎಲ್ಲಿದೆ, ಹೇಗಿದೆ ಅಂತ ಯಾರಾದ್ರೂ ಒಂದು ಸ್ಟೋರಿ ಹಾಕಿದ್ದು ನೋಡಿದ್ದೀರಾ?

ಎಲ್ಲಿರತ್ತೆ ಅಂತ ನಾನು ಹೇಳ್ತೀನಿ. ಅಂಗಡಿಯವರು ಕೊಟ್ಟ ಅದೇ ಪ್ಲಾಸ್ಟಿಕ್ ಕವರಿನೊಳಗೆ, ಅದೇ ಡಬ್ಬದಲ್ಲಿ, ಬೀರುವಿನ ಮೇಲಿನ ಖಾನೆಯಲ್ಲಿ. ಸೆರಗಿನ ಮಡಿಕೆಯಲ್ಲಿ ಅಕ್ಷತೆಯ ನಾಲ್ಕು ಕಾಳು ಹಾಗೇ ಉಳಿದಿರ್ತವೆ. ಭುಜದ ಹತ್ತಿರ ಒಂದು ಪಿನ್ನು. ಜೊತೆಗೆ ಎರಡು ನುಸಿಗುಳಿಗೆ. ಯಾರಾದ್ರೂ ಕೇಳಿದ್ರೆ ಮನೆಯವರು ಹೇಳೋದು ಒಂದೇ ಮಾತು: "ಭದ್ರವಾಗಿ ಎತ್ತಿಟ್ಟಿದ್ದೀವಿ."

ಈ ಸಲದ ಸರಣಿಯಲ್ಲಿ ನನ್ನ ವಾದ ಇಷ್ಟೇ. ಹೀಗೆ ಎತ್ತಿಟ್ಟ ಸೀರೆ ಭದ್ರವಾಗಿಲ್ಲ. ಅದು ದಿನಾ ಸ್ವಲ್ಪ ಸ್ವಲ್ಪ ಹಾಳಾಗ್ತಿದೆ, ನಮಗೆ ಕಾಣ್ತಿಲ್ಲ ಅಷ್ಟೆ. ಧಾರೆ ಸೀರೆ ಉಳಿಸ್ಕೋಬೇಕು ಅಂದ್ರೆ ಮೂರು ಕೆಲಸ ಮಾಡ್ಬೇಕು: ಮದುವೆ ಆದ ವಾರದೊಳಗೆ ಕ್ಲೀನ್ ಮಾಡಿಸ್ಬೇಕು, ಬಟ್ಟೆಯಲ್ಲಿ ಸುತ್ತಿಡ್ಬೇಕು, ವರ್ಷಕ್ಕೆ ಎರಡು ಮೂರು ಸಲ ಹೊರಗೆ ತೆಗೆದು ಉಡ್ಬೇಕು. ಮೊದಲ ಎರಡಕ್ಕೆ ಯಾರೂ ಬೇಡ ಅನ್ನಲ್ಲ. ಮೂರನೇದಕ್ಕೆ ಎಲ್ಲರೂ ಮುಖ ಸಿಂಡರಿಸ್ತಾರೆ. "ಧಾರೆ ಸೀರೆನಾ? ಮತ್ತೆ ಉಡೋದಾ?"

ಹೌದು, ಮತ್ತೆ ಉಡೋದು. ಯಾಕೆ ಅಂತ ಹತ್ತು ಕ್ಯಾಪ್ಷನ್‌ನಲ್ಲಿ ಬರೀತೀನಿ. ನಡುವೆ ಹೇಗೆ ಅನ್ನೋದೂ ಬರತ್ತೆ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಮನೆಯಲ್ಲಿ ಈ ವರ್ಷ ಮದುವೆ ಆದವರು ಇದ್ರೆ ಅವರಿಗೂ ಕಳಿಸಿ.

2/10 : ಮೊದಲು ನಮ್ಮ ಸಬ್ಜೆಕ್ಟ್

ಬಿಕಾಂ ಮಕ್ಕಳಿಗೆ ಇದು ಬೇಗ ಅರ್ಥ ಆಗತ್ತೆ. ಸವಕಳಿ, ಅಂದ್ರೆ ಡಿಪ್ರಿಸಿಯೇಷನ್. ಒಂದು ಮಷೀನ್ ತಂದ್ವಿ, ಆರು ತಿಂಗಳು ಓಡಿಸ್ಲಿಲ್ಲ. ಆ ಆರು ತಿಂಗಳಿಗೆ ಸವಕಳಿ ಹಾಕ್ಬೇಕೋ ಬೇಡ್ವೋ? ಸ್ಟ್ರೈಟ್ ಲೈನ್ ವಿಧಾನದಲ್ಲಿ ಹಾಕ್ಲೇಬೇಕು. ಮಷೀನ್ ಸುಮ್ನೆ ಕೂತಿದ್ರೂ ಕಾಲ ಅದನ್ನ ತಿನ್ನತ್ತೆ. ಎಷ್ಟು ಬಳಸಿದ್ವೋ ಅಷ್ಟಕ್ಕೆ ಮಾತ್ರ ಸವಕಳಿ ಅನ್ನೋ ವಿಧಾನ ಬೇರೆ ಇದೆ. ಅದರಲ್ಲಿ ಬಳಸದೇ ಇದ್ರೆ ಸವಕಳಿ ಸೊನ್ನೆ.

ನಮ್ಮ ಮನೆಗಳಲ್ಲಿ ಧಾರೆ ಸೀರೆಗೆ ಎಲ್ಲರೂ ಹಾಕೋ ಲೆಕ್ಕ ಈ ಎರಡನೇದು. ಉಡ್ಲಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂತ. ಬಟ್ಟೆ ಅನುಸರಿಸೋದು ಮೊದಲನೇ ವಿಧಾನವನ್ನ. ಬೆವರಿನ ಉಪ್ಪು, ತೇವ, ಒಂದೇ ಮಡಿಕೆಯ ಒತ್ತಡ, ಗಾಳಿಯಲ್ಲಿರೋ ಗಂಧಕ, ಇದ್ಯಾವುದಕ್ಕೂ ನೀವು ಸೀರೆ ಉಟ್ಟಿದ್ದೀರೋ ಇಲ್ವೋ ಅನ್ನೋದು ಬೇಕಾಗಿಲ್ಲ.

ಇನ್ನೊಂದು ಲೆಕ್ಕ. ನಮ್ಮಕ್ಕನ ಧಾರೆ ಸೀರೆ ₹28,000. ಅಮ್ಮ ಎರಡು ವರ್ಷ ಕಟ್ಟಿದ ಚೀಟಿ ದುಡ್ಡು ಅದರಲ್ಲಿದೆ. ಒಂದೇ ಸಲ ಉಟ್ಟು ಇಟ್ರೆ, ಒಂದು ಸಲ ಉಟ್ಟಿದ್ದಕ್ಕೆ ₹28,000 ಖರ್ಚು. ವರ್ಷಕ್ಕೆ ಮೂರು ಸಲದ ಹಾಗೆ ಹತ್ತು ವರ್ಷ ಉಟ್ಟರೆ, ಮದುವೆ ದಿನವೂ ಸೇರಿ 31 ಸಲ. ವರ್ಷಕ್ಕೊಂದು ಡ್ರೈ ಕ್ಲೀನಿಂಗಿಗೆ ₹500 ಅಂತ ಇಟ್ಕೊಳ್ಳಿ, ಹತ್ತು ವರ್ಷಕ್ಕೆ ₹5,000. ಒಟ್ಟು ₹33,000. ಅದನ್ನ 31ರಿಂದ ಭಾಗಿಸಿ: ಸುಮಾರು ₹1,065.

ಈ ₹500ನ್ನ ಉಳಿಸೋಕೆ ಹೋಗಿ ₹28,000 ಕಳ್ಕೊಳ್ಳೋರಿಗೆ ನಮ್ಮ ಕಾಸ್ಟಿಂಗ್ ಪೇಪರ್‌ನಲ್ಲಿ ಪಾಸ್ ಮಾರ್ಕ್ಸೂ ಬರಲ್ಲ.

3/10 : ಎರಡು ಸೀರೆ, ಒಂದೇ ಮನೆ

ನಮ್ಮೂರು ಸಾಗರದ ಕಡೆ. ಮಳೆ ಹಿಡೀತು ಅಂದ್ರೆ ಗೋಡೆ, ಚಪ್ಪಲಿ, ಪುಸ್ತಕ, ಬೆಲ್ಟು, ಯಾವುದಕ್ಕೆ ಬೇಕಾದ್ರೂ ಬೂಷ್ಟು ಹಿಡಿಯತ್ತೆ. ಅಂಥಾ ಊರಿನ ಒಂದೇ ಮನೆಯಲ್ಲಿ ಎರಡು ಧಾರೆ ಸೀರೆ ಇವೆ.

ಒಂದು ಅಜ್ಜಿದು. ಕಡು ಕೆಂಪು, ಸಣ್ಣ ಅಂಚು. ಪ್ರತಿ ಗೌರಿ ಹಬ್ಬಕ್ಕೆ, ದೀಪಾವಳಿಗೆ, ಮನೆತನದ ಎಲ್ಲಾ ಮದುವೆಗೂ ಅಜ್ಜಿ ಅದನ್ನೇ ಉಟ್ಟಿದ್ದು. ಉಟ್ಟ ದಿನ ರಾತ್ರಿ ಒಳಗಡೆ ಗಳದ ಮೇಲೆ ಹರವಿ ಬೆವರಾರಿಸ್ತಿದ್ರು. ಅಗತ್ಯ ಇದ್ರೆ ಮಾತ್ರ ಅಂಟುವಾಳಕಾಯಿ ನೊರೆಯಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸ್ತಿದ್ರು. ಆಮೇಲೆ ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ. ಐವತ್ತು ವರ್ಷ ದಾಟಿದೆ. ಬಣ್ಣ ಸ್ವಲ್ಪ ಮಾಸಿದೆ, ಅಂಚಿನಲ್ಲಿ ಎರಡು ಕಡೆ ಹೊಲಿಗೆ ಇದೆ. ಆದ್ರೆ ಈಗಲೂ ಉಡಬಹುದು.

ಇನ್ನೊಂದು ಅಮ್ಮಂದು. ಅಜ್ಜಿದಕ್ಕಿಂತ ದುಬಾರಿ, ಅಗಲ ಅಂಚು. "ಹಾಳಾಗತ್ತೆ" ಅನ್ನೋ ಭಯಕ್ಕೆ ಪ್ಲಾಸ್ಟಿಕ್ ಕವರ್‌ನಿಂದ ತೆಗೀಲೇ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಒಂದೇ ಮಡಿಕೆ. ಅಕ್ಕನ ನಿಶ್ಚಿತಾರ್ಥಕ್ಕೆ ಉಡೋಣ ಅಂತ ಬಿಚ್ಚಿದಾಗ ಮಡಿಕೆಗಳ ಗುಂಟ ಗೆರೆ ಎಳೆದ ಹಾಗೆ ಸೀಳಿಕೊಂಡಿತ್ತು. ಜರಿ ಕಪ್ಪು. ಬೆನ್ನಿನ ಹತ್ತಿರ ಕಂದು ಕಲೆ, ಯಾವ ಪಾಯಸದ್ದೋ ಯಾವ ಕಾಲದ್ದೋ.

ಇದರಿಂದ ವಿಜ್ಞಾನ ಸಾಬೀತಾಗಲ್ಲ, ಗೊತ್ತು. ಎರಡು ಸೀರೆಯ ನೂಲು ಬೇರೆ, ಜರಿ ಬೇರೆ, ಬಣ್ಣ ಬೇರೆ. ಆದ್ರೆ ಒಂದನ್ನ ಉಟ್ಟು ಉಳಿಸಿದ್ರು, ಇನ್ನೊಂದನ್ನ ಉಡದೇ ಕಳ್ಕೊಂಡ್ರು. ಅಮ್ಮನಿಗೆ ಬೇಜಾರಾಗಿದ್ದು ದುಡ್ಡಿನ ವಿಷಯಕ್ಕಲ್ಲ. "ಒಂದೇ ಒಂದು ಸಲ ಉಟ್ಟೆ" ಅಂದ್ರು. ಈ ಸರಣಿ ಬರೆಯೋಕೆ ಆ ಮಾತೇ ಕಾರಣ.

4/10 : ಮದುವೆ ಮುಗಿದಾಗ ಸೀರೆ ಮೇಲೆ ಏನೇನಿರತ್ತೆ

ಕಣ್ಣಿಗೆ ಕ್ಲೀನ್ ಆಗಿಯೇ ಕಾಣತ್ತೆ. ಪಟ್ಟಿ ಮಾಡಿ ನೋಡಿ.

ಬೆವರು. ಬ್ಲೌಸಿನ ಕಂಕುಳು, ಸೊಂಟ, ಬೆನ್ನಿನ ಸೆರಗು. ಜೊತೆಗೆ ಡಿಯೋಡರೆಂಟು, ಪರ್ಫ್ಯೂಮು.
ಅರಿಶಿನ, ಕುಂಕುಮ. ಅಕ್ಷತೆಯಿಂದ, ಆಶೀರ್ವಾದ ಮಾಡಿದ ಕೈಗಳಿಂದ.
ಧಾರೆ ಎರೆದ ಹಾಲು, ನೀರು.
ಹೋಮದ ತುಪ್ಪ, ಮಸಿ, ಹೊಗೆ.
ಫೌಂಡೇಶನ್, ಲಿಪ್‌ಸ್ಟಿಕ್, ಹೇರ್ ಸ್ಪ್ರೇ. ತಬ್ಬಿಕೊಂಡವರ ಮೇಕಪ್ಪೂ ಸೇರಿ.
ಮಲ್ಲಿಗೆ, ಕನಕಾಂಬರ, ಹಾರದ ಹೂವಿನ ರಸ.
ಊಟದ ಎಲೆಯ ಸಾರು, ಪಾಯಸ.
ನೆರಿಗೆ ಕೆಳಗೆ ಛತ್ರದ ನೆಲದ ಧೂಳು.

ಇದರಲ್ಲಿ ಮೋಸ ಮಾಡೋದು ಸಕ್ಕರೆ. ಪಾಯಸ, ಜ್ಯೂಸು, ಸೋಡಾ ಬಿದ್ದದ್ದು ಒಣಗಿದಾಗ ಏನೂ ಕಾಣಲ್ಲ. ತಿಂಗಳುಗಳು ಕಳೆದ ಮೇಲೆ ಅದೇ ಜಾಗ ಹಳದಿ, ಆಮೇಲೆ ಕಂದು ಆಗತ್ತೆ. ಮಂಗಳೂರು ಕಡೆ ಚರ್ಚ್ ಮದುವೆಗೆ ಬಿಳಿ ಗೌನ್ ಹಾಕೋ ಗೆಳತಿಯರೇ, ನಿಮಗೆ ಇದು ಇನ್ನೂ ಮುಖ್ಯ. ಬಿಳಿ ಬಟ್ಟೆಯಲ್ಲಿ ಬಚ್ಚಿಡೋಕೆ ಜಾಗ ಇಲ್ಲ.

ಎರಡನೇ ಮೋಸ ಹುಳ. ಅವು ರೇಷ್ಮೆ ತಿನ್ನೋಕೆ ಬಂದ್ರೂ ಮೊದಲು ಬಾಯಿ ಹಾಕೋದು ಬೆವರು, ಅನ್ನ, ಎಣ್ಣೆ ಇರೋ ಜಾಗಕ್ಕೆ. ಸೀರೆ ಶುಭ್ರವಾಗಿದ್ರೆ ಅರ್ಧ ರಕ್ಷಣೆ ಅಲ್ಲೇ ಆಯ್ತು. ಕೊಳೆ ಸಮೇತ ಮಡಚಿ ನುಸಿಗುಳಿಗೆ ಇಡೋದು ಅಂದ್ರೆ, ಹುಳಕ್ಕೆ ಎಲೆ ಹಾಕಿ ಊಟ ಬಡಿಸಿ ಬಾಗಿಲಲ್ಲಿ ಕಾವಲು ನಿಲ್ಲಿಸಿದ ಹಾಗೆ.

5/10 : ಮೊದಲ ಎರಡು ದಿನ

ಮದುವೆ ಮನೆಯಲ್ಲಿ ಮದುಮಗಳಿಗೆ ಪುರುಸೊತ್ತು ಇರಲ್ಲ. ಹಾಗಾಗಿ ಇದು ಅವಳ ತಂಗಿ, ತಮ್ಮ, ಗೆಳತಿ, ಅಂದ್ರೆ ನಿಮ್ಮ ಕೆಲಸ.

ಸೀರೆ ಬಿಚ್ಚಿದ ತಕ್ಷಣ ಎಲ್ಲಾ ಪಿನ್ ತೆಗೀರಿ. ಎಷ್ಟು ಹಾಕಿದ್ರು ಅಂತ ಸೀರೆ ಉಡಿಸಿದವರನ್ನೇ ಕೇಳಿ, ಎಣಿಸಿ ತೆಗೀರಿ. ಉಳಿದ ಒಂದು ಪಿನ್ನು ತುಕ್ಕು ಹಿಡಿದ್ರೆ ಆ ಕಲೆ ರೇಷ್ಮೆಯಿಂದ ಹೋಗೋದು ಬಹಳ ಕಷ್ಟ. ಹೂವು, ಅಕ್ಷತೆ ಮೆಲ್ಲಗೆ ಕೊಡವಿ.

ಫ್ಯಾನ್ ಕೆಳಗೆ, ನೆರಳಲ್ಲಿ, ಒಗೆದ ಕಾಟನ್ ಬೆಡ್‌ಶೀಟ್ ಮೇಲೆ ಹರವಿ. ಬಿಸಿಲಿಗೆ ಬೇಡ. ಬಿಸಿಲಿಗೆ ರೇಷ್ಮೆ ಹಳದಿ ಆಗತ್ತೆ, ಬಲವೂ ಕಡಿಮೆ ಆಗತ್ತೆ.

ಹಸಿ ಕಲೆ ಇದ್ರೆ ಬಿಳಿ ಕಾಟನ್ ಬಟ್ಟೆ ಒತ್ತಿ ಹೀರಿಸಿ. ಉಜ್ಜಬೇಡಿ. ಉಜ್ಜಿದ್ರೆ ಎಳೆ ಎದ್ದು ಆ ಜಾಗ ಬಿಳಿಚಿ ಕಾಣತ್ತೆ. ತುಪ್ಪ, ಎಣ್ಣೆ ಬಿದ್ದಿದ್ರೆ ಬಣ್ಣ, ಸುವಾಸನೆ ಇಲ್ಲದ ಟಾಲ್ಕಮ್ ಪೌಡರ್ ಉದುರಿಸಿ ಕೆಲವು ಗಂಟೆ ಬಿಟ್ಟು ಕೊಡವಿ.

ಅರಿಶಿನ ಕಲೆಗೆ ಸೋಪು ಹಚ್ಚೋ ಯೋಚನೆ ಬಂದ್ರೆ ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಅರಿಶಿನಕ್ಕೆ ಸೋಪು ತಾಗಿದ್ರೆ ಕೆಂಪಾಗತ್ತೆ, ಅದು ಎಲ್ಲರಿಗೂ ಗೊತ್ತು. ರೇಷ್ಮೆಗೆ ಆ ಕ್ಷಾರವೇ ಆಗಿಬರಲ್ಲ. ನಮ್ಮ ಕೂದಲಿನ ಹಾಗೆ ರೇಷ್ಮೆಯೂ ಪ್ರೋಟೀನ್. ತಲೆಗೆ ಬಟ್ಟೆ ಒಗೆಯೋ ಪುಡಿ ಹಾಕ್ತೀರಾ? ಎಂಜೈಮ್ ಇರೋ ಡಿಟರ್ಜೆಂಟ್‌ಗಳಲ್ಲಂತೂ ಪ್ರೋಟೀನ್ ಕರಗಿಸೋ ಅಂಶವೇ ಇರತ್ತೆ. ಬ್ಲೀಚು ರೇಷ್ಮೆಯನ್ನೇ ಕರಗಿಸಿಬಿಡತ್ತೆ.

ಕಲೆ ಇರೋವಾಗ ಇಸ್ತ್ರಿ ಹಾಕಬೇಡಿ. ಬಿಸಿಗೆ ಕಲೆ ಗಟ್ಟಿಯಾಗಿ ಕೂರತ್ತೆ.

ಬ್ಲೌಸ್ ಬೇರೆ ಇಡಿ. ಹೆಚ್ಚು ಬೆವರು ಕುಡಿದಿರೋದು ಅದೇ. ಆರಿ ವರ್ಕಿನ ಮಣಿ, ಹುಕ್ಕು ಸೀರೆಗೆ ಸಿಕ್ಕಿಕೊಂಡ್ರೆ ಎಳೆ ಕಿತ್ತು ಬರತ್ತೆ.

6/10 : ಡ್ರೈ ಕ್ಲೀನಿಂಗ್ ಮಂತ್ರ ಅಲ್ಲ

ಡ್ರೈ ಅಂತ ಹೆಸರು, ಆದ್ರೆ ಅಲ್ಲೂ ದ್ರವ ಇರತ್ತೆ. ನೀರಿನ ಬದಲು ಪೆಟ್ರೋಲಿಯಂ ದ್ರಾವಕ ಅಥವಾ ಪರ್‌ಕ್ಲೋರೋಎಥಿಲೀನ್ ಥರದ ರಾಸಾಯನಿಕ. ಎಣ್ಣೆ, ತುಪ್ಪ, ಮೇಕಪ್ ಅದರಲ್ಲಿ ಚೆನ್ನಾಗಿ ಕರಗತ್ತೆ. ಬೆವರಿನ ಉಪ್ಪು, ಸಕ್ಕರೆ ಕರಗೋದು ನೀರಿಗೆ. ಅವು ಇದರಲ್ಲಿ ಹಾಗೇ ಉಳಿಯಬಹುದು. ಅದಕ್ಕೇ ಒಳ್ಳೆ ಅಂಗಡಿಯವರು ಮೊದಲು ಕಲೆ ಕಲೆಗೂ ಬೇರೆ ಬೇರೆ ಔಷಧ ಹಾಕಿ ತೆಗೀತಾರೆ. ಅವರಿಗೆ ಯಾವ ಕಲೆ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ?

ಹಾಗಾಗಿ ಸುಮ್ನೆ ಕೌಂಟರ್ ಮೇಲೆ ಇಟ್ಟು ಬರಬೇಡಿ. ಸೀರೆ ಬಿಚ್ಚಿ ತೋರಿಸಿ. "ಇಲ್ಲಿ ಪಾಯಸ, ಇಲ್ಲಿ ಕುಂಕುಮ, ಇಲ್ಲಿ ಹಾಲು" ಅಂತ ಹೇಳಿ, ದಾರ ಕಟ್ಟಿ ಗುರುತು ಮಾಡಿ. ಬ್ಲೌಸಿನ ಮಣಿ, ಚಮಕಿ ಪ್ಲಾಸ್ಟಿಕ್‌ದಾ ಅಂತ ಕೇಳಿ. ಕೆಲವು ದ್ರಾವಕಗಳಿಗೆ ಪ್ಲಾಸ್ಟಿಕ್ ಮಣಿ ಕರಗತ್ತೆ. ಕೊನೆಗೆ ಗಂಜಿ ಹಾಕಿ ರೋಲ್ ಪ್ರೆಸ್ ಮಾಡ್ಲಾ ಅಂತ ಕೇಳ್ತಾರೆ. ಎತ್ತಿಡೋ ಸೀರೆಗೆ ಗಂಜಿ ಬೇಡ ಅನ್ನಿ. ಗಂಜಿ ಅಂದ್ರೆ ಹುಳಕ್ಕೆ ಊಟ, ಮಡಿಕೆಗೆ ಬಿರುಸು.

ಕೊಡೋ ಮುಂಚೆ ಸೆರಗು, ಅಂಚು, ಕಲೆ ಎಲ್ಲದರ ಫೋಟೋ ತೆಗೀರಿ. ಫೋನು ಕೈಯಲ್ಲೇ ಇರತ್ತಲ್ಲ. ರಸೀದಿಯಲ್ಲಿ "ರೇಷ್ಮೆ ಸೀರೆ" ಅಂತ ಬರೆಸಿ, ಸೀರೆ ಬಿಲ್ ಮನೆಯಲ್ಲಿಡಿ. ರಸೀದಿ ಹಿಂದೆ "ಹಾನಿಗೆ ನಾವು ಜವಾಬ್ದಾರರಲ್ಲ" ಅಂತ ಅಚ್ಚಾಗಿದೆ ಅಂತ ಹೆದರಬೇಡಿ. ಬಿಸಿನೆಸ್ ಲಾ ನೆನಪಿದೆಯಾ? ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವೆಯಲ್ಲಿ ಲೋಪ ಆದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ರೆ ದೂರಿಗೆ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ರೂ ಆಯ್ತು.

7/10 : ಜರಿ ಅಂದ್ರೆ ಏನು

ಧಾರೆ ಸೀರೆಯ ಬೆಲೆ ಬಹಳಷ್ಟು ಇರೋದು ಜರಿಯಲ್ಲಿ. ಮೊದಲು ಹಾಳಾಗೋದೂ ಅದೇ.

ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಗೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿದ್ದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಶುರು ಮಾಡಿದ ರೇಷ್ಮೆ ಕಾರ್ಖಾನೆ ಈಗ ಕೆಎಸ್‌ಐಸಿ ಕೈಯಲ್ಲಿದೆ. ಅವರ ಮೈಸೂರು ಸಿಲ್ಕ್ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65. ಮಾರುಕಟ್ಟೆಯಲ್ಲಿ ಇದಲ್ಲದೇ ತಾಮ್ರದ ಜರಿ ಇದೆ, ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಜರಿನೂ ಇದೆ. ಸಿಲ್ಕ್ ಮಾರ್ಕ್ ಇದೆ ಅಂದ ತಕ್ಷಣ ಜರಿಯೂ ಅಸಲಿ ಅಂದ್ಕೋಬೇಡಿ. ಆ ಗುರುತು ರೇಷ್ಮೆ ಶುದ್ಧ ಅಂತ ಹೇಳತ್ತೆ, ಜರಿ ಬಗ್ಗೆ ಏನೂ ಹೇಳಲ್ಲ. ಜರಿ ಯಾವುದು ಅಂತ ಬಿಲ್‌ನಲ್ಲಿ ಬರೆಸ್ಕೊಳ್ಳಿ.

ಬೆಳ್ಳಿ ಕಾಲ್ಗೆಜ್ಜೆ ಯಾಕೆ ಕಪ್ಪಾಗತ್ತೋ ಜರಿನೂ ಅದಕ್ಕೇ ಕಪ್ಪಾಗೋದು. ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿ ಜೊತೆ ಸೇರತ್ತೆ. ತೇವ, ಬೆವರು ಇದ್ರೆ ಇನ್ನೂ ಬೇಗ. ಕಾಲ್ಗೆಜ್ಜೆಯನ್ನ ಉಜ್ಜಿ ಬೆಳಗಬಹುದು. ಜರಿಯನ್ನ ಉಜ್ಜಿದ್ರೆ ಮೇಲಿನ ಚಿನ್ನದ ಲೇಪವೇ ಹೋಗತ್ತೆ. ಹಾಗಾಗಿ ವಿಡಿಯೋ ನೋಡಿ ನಿಂಬೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಪ್ರಯೋಗ ಮಾಡಬೇಡಿ. ಪರ್ಫ್ಯೂಮ್ ಹಾಕೋದಿದ್ರೆ ಸೀರೆ ಉಡೋ ಮುಂಚೆ ಮೈಗೆ ಹಾಕಿ, ಒಣಗಲಿ, ಆಮೇಲೆ ಉಡಿ.

ನುಸಿಗುಳಿಗೆ ನೇರ ಜರಿ ಮೇಲೆ ಇಡೋದಂತೂ ಬೇಡವೇ ಬೇಡ. ನನ್ನ ಕೇಳಿದ್ರೆ ಆ ಗುಳಿಗೆಯೇ ಬೇಡ. ಅದರ ವಾಸನೆ ಸೀರೆಯಲ್ಲಿ ಕೂತುಬಿಡತ್ತೆ. ಜಿ6ಪಿಡಿ ಕೊರತೆ ಅಂತ ಹುಟ್ಟಿನಿಂದ ಬರೋ ಒಂದು ತೊಂದರೆ ಇದೆ. ಅದಿರೋ ಎಳೇ ಮಕ್ಕಳನ್ನ ನ್ಯಾಫ್ತಲೀನ್ ಹಾಕಿಟ್ಟ ಬಟ್ಟೆಯಲ್ಲಿ ಸುತ್ತಿದ್ರೆ ಅವರ ರಕ್ತಕಣಗಳೇ ಒಡೆಯೋ ಅಪಾಯ ಇದೆ. ಬಾಣಂತಿ ಕೋಣೆಯ ಬೀರುವಿನಲ್ಲಿ ಅದು ಯಾಕೆ ಬೇಕು?

8/10 : ಎತ್ತಿಡೋದು ಹೇಗೆ

ಪ್ಲಾಸ್ಟಿಕ್ ಕವರು ಅಂಗಡಿಯಿಂದ ಮನೆ ತಲುಪೋಕೆ ಮಾತ್ರ. ಒಳಗಿನ ತೇವ ಅದರಲ್ಲಿ ಹೊರಗೆ ಹೋಗಲ್ಲ. ಮಲೆನಾಡು, ಕರಾವಳಿಯವರಿಗೆ ಬೂಷ್ಟು ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ. ಬಿಳಿ ಕಾಟನ್ ಬಟ್ಟೆ ಸಾಕು. ಚೆನ್ನಾಗಿ ಒಗೆದು ಗಂಜಿ ಬಿಡಿಸಿದ ಹಳೇ ಪಂಚೆ, ದುಪ್ಪಟಿ ಯಾವುದಾದ್ರೂ ಸರಿ. ಹೊಸ ಬಟ್ಟೆ ಕೊಳ್ಳೋದೇ ಬೇಡ.

ನ್ಯೂಸ್ ಪೇಪರ್ ಬೇಡ. ಶಾಯಿ ಹತ್ತತ್ತೆ, ಕಾಗದದ ಆಮ್ಲವೂ ಒಳ್ಳೇದಲ್ಲ. ಮರದ ಪೆಟ್ಟಿಗೆ ಆದ್ರೆ ಒಳಗೆ ಬಟ್ಟೆ ಹಾಸಿ ಇಡಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ಒಂದೆರಡು ಗಂಟೆ ಗಾಳಿಗೆ ಹರವಿ, ಬೇರೆ ಜಾಗದಲ್ಲಿ ಮಡಿಕೆ ಬರೋ ಹಾಗೆ ಮಡಚಿ. ಜರಿ ಲೋಹ. ತಂತಿಯನ್ನ ಒಂದೇ ಕಡೆ ಬಗ್ಗಿಸಿ ಒತ್ತಿಟ್ರೆ ಏನಾಗತ್ತೆ ಯೋಚಿಸಿ. ಸಾಧ್ಯ ಇದ್ರೆ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತೋ ರಟ್ಟಿನ ಕೊಳವೆ ತಂದು, ಅದಕ್ಕೆ ಕಾಟನ್ ಸುತ್ತಿ, ಮೇಲೆ ಸೀರೆ ಸುರುಳಿ ಸುತ್ತಿ. ಮ್ಯೂಸಿಯಮ್ಮುಗಳಲ್ಲಿ ಹಳೇ ಬಟ್ಟೆಗಳನ್ನ ಇಡೋದು ಹೀಗೇ. ಭಾರದ ಜರಿ ಸೀರೆಯನ್ನ ವರ್ಷಗಟ್ಟಲೆ ಹ್ಯಾಂಗರಿಗೆ ನೇತು ಹಾಕಬೇಡಿ, ಅದರ ತೂಕಕ್ಕೆ ಅದೇ ಜಗ್ಗತ್ತೆ.

ಈಗಿನ ಫ್ಯಾಶನ್ನು ಪ್ರೀ ಪ್ಲೀಟಿಂಗ್. ಮದುವೆ ಹಿಂದಿನ ದಿನ ನೆರಿಗೆ ಹಿಡಿದು, ಇಸ್ತ್ರಿ ಒತ್ತಿ, ಕ್ಲಿಪ್ ಹಾಕಿ ಡಬ್ಬದ ಹಾಗೆ ಮಡಚಿ ಕೊಡ್ತಾರೆ. ಉಡೋಕೆ ಹತ್ತು ನಿಮಿಷ ಸಾಕು, ಚೆನ್ನಾಗೂ ಕಾಣತ್ತೆ, ನನಗೂ ಇಷ್ಟ. ಆದ್ರೆ ಅದು ಆ ದಿನಕ್ಕೆ ಮಾತ್ರ. "ಮುಂದಿನ ಫಂಕ್ಷನ್‌ಗೂ ಆಗತ್ತೆ" ಅಂತ ಆ ನೆರಿಗೆಯಲ್ಲೇ ತಿಂಗಳಾನುಗಟ್ಟಲೆ ಇಟ್ರೆ ಒಂದು ಮಡಿಕೆಯ ಬದಲು ಇಪ್ಪತ್ತು ಮಡಿಕೆ.

ವರಮಹಾಲಕ್ಷ್ಮಿಗೆ ಧಾರೆ ಸೀರೆ ಉಡಿಸೋ ಮನೆಗಳಿವೆ. ಉಡಿಸಿ, ಚೆನ್ನಾಗಿರತ್ತೆ. ಪಿನ್ನಿನ ಬದಲು ದಾರ ಬಳಸಿ, ದೀಪ ದೂರ ಇಡಿ.

ಮಡಿಕೆ ಬಿಚ್ಚೋ ತಾರೀಖು ಮರೆಯತ್ತೆ ಅನ್ನೋರಿಗೆ ಉಪಾಯ: ಮೂರು ನಾಲ್ಕು ತಿಂಗಳ ಅಂತರದಲ್ಲಿ ಬರೋ ಹಬ್ಬಗಳಿಗೆ ಸೇರಿಸಿಟ್ಕೊಳ್ಳಿ. ಕ್ಯಾಲೆಂಡರ್ ನೋಡೋದೇ ಬೇಡ.

9/10 : "ರಿಪೀಟ್" ಅನ್ನೋ ಪದ

ಇಷ್ಟೆಲ್ಲಾ ತಿಳಿದ ಮೇಲೂ ಸೀರೆ ಬೀರುವಿನಿಂದ ಹೊರಗೆ ಬರಲ್ಲ. ಯಾಕೆ? ಅಜ್ಜಿ ಕಾಲದಲ್ಲಿ ಧಾರೆ ಸೀರೆ ಹತ್ತು ಮದುವೆಗೆ ಉಟ್ಟರೆ ಅದು ಗೌರವ. ಎಲ್ಲರಿಗೂ ಗೊತ್ತಿತ್ತು ಅದು ಅವರ ಧಾರೆ ಸೀರೆ ಅಂತ. ಈಗ ಅದೇ ಸೀರೆ ಇನ್ನೊಂದು ಫೋಟೋದಲ್ಲಿ ಬಂದ್ರೆ ಕೆಳಗೆ ಕಾಮೆಂಟ್: "ಇದು ಮದುವೆ ಸೀರೆ ಅಲ್ವಾ? ರಿಪೀಟಾ?" ಜೊತೆಗೆ ಒಂದು ನಗೋ ಎಮೋಜಿ.

ಆ ಒಂದು ಎಮೋಜಿಗೆ ಹೆದರಿ ನಮ್ಮ ಮನೆಗಳು ಪ್ರತಿ ಫಂಕ್ಷನ್‌ಗೂ ಹೊಸ ಸೀರೆ ತರ್ತಿವೆ, ಕಂತಿನಲ್ಲಿ, ಚೀಟಿ ಎತ್ತಿ. ಹಳೇದು ಒಳಗೆ ಕೊಳೆಯತ್ತೆ, ಹೊಸದರ ಸಾಲ ಹೊರಗೆ ಬೆಳೆಯತ್ತೆ. ಇಳಕಲ್ಲಿನ ನೇಕಾರರು ಮೈಯ ಹಾಸಿಗೆ ಸೆರಗಿನ ಹಾಸನ್ನ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸ್ತಾರೆ, ತೋಪ್ ತೆನಿ ಅಂತ ಅದಕ್ಕೆ ಹೆಸರು. ಮೊಳಕಾಲ್ಮೂರಿನಲ್ಲಿ ಈಗಲೂ ಕೈಮಗ್ಗದಲ್ಲಿ ರೇಷ್ಮೆ ನೇಯ್ತಾರೆ. ಅಷ್ಟು ಕೆಲಸ ಮಾಡಿದವರು ಒಂದು ಬೆಳಗಿನ ಫೋಟೋಗೆ ಅಂತ ನೇಯ್ದಿದ್ದಾ?

ಇನ್ನೊಂದು ಮಾತು, ಹುಡುಗರಿಗೆ. ಇಲ್ಲಿವರೆಗೂ ಸ್ವೈಪ್ ಮಾಡ್ಕೊಂಡು ಬಂದಿದ್ರೆ ಒಂದು ನಿಮಿಷ ನಿಲ್ಲಿ. ನಿಮ್ಮ ರೇಷ್ಮೆ ಪಂಚೆ, ಶಲ್ಯಕ್ಕೂ ಇದೇ ನಿಯಮ. ಹೋಮದ ಮುಂದೆ ಕೂತಿದ್ದು ನೀವೂ ಹೌದು, ತುಪ್ಪ ನಿಮ್ಮ ಮೇಲೂ ಬಿದ್ದಿದೆ. ಮತ್ತೆ, ಸೀರೆ ಬಿಚ್ಚಿ ಗಾಳಿಗೆ ಹರವಿ ಮಡಚೋದಕ್ಕೆ ಎರಡು ಜೊತೆ ಕೈ ಬೇಕು. ಐದೂವರೆ ಮೀಟರ್ ಸೀರೆಯ ಇನ್ನೊಂದು ತುದಿ ಹಿಡಿಯೋಕೆ ನಿಮಗೇನು ಕಷ್ಟ? ಮದುವೆ ಬಟ್ಟೆ ಕಾಯೋ ಕೆಲಸ ಅಮ್ಮಂದೇ, ಹಾಳಾದ್ರೆ ಬೈಗುಳವೂ ಅಮ್ಮನಿಗೇ. ಈ ಲೆಕ್ಕ ಯಾವ ಪುಸ್ತಕದಲ್ಲೂ ಟ್ಯಾಲಿ ಆಗಲ್ಲ.

10/10 : ಎದುರು ವಾದ, ಮತ್ತು ಈ ಭಾನುವಾರ

"ಉಟ್ಟರೆ ಸವೆಯಲ್ವಾ?" ಸವೆಯತ್ತೆ. ಸುಳ್ಳು ಹೇಳಲ್ಲ. ಪ್ರತಿ ಸಲ ಉಟ್ಟಾಗಲೂ ಸ್ವಲ್ಪ ಸವೆಯತ್ತೆ, ಮ್ಯೂಸಿಯಮ್ಮಿನವರು ಅದಕ್ಕೇ ಬಟ್ಟೆ ಮುಟ್ಟೋಕೂ ಬಿಡಲ್ಲ. ಆದ್ರೆ ಮ್ಯೂಸಿಯಮ್ಮಿನಲ್ಲಿ ತೇವ, ಬೆಳಕು, ಧೂಳು ನೋಡ್ಕೊಳ್ಳೋಕೆ ಜನ ಇದ್ದಾರೆ. ನಮ್ಮ ಬೀರುವಿಗೆ ಯಾರಿದ್ದಾರೆ? ಉಡೋ ನೆಪ ಇಲ್ಲದೇ ಇದ್ರೆ ನಾವು ಅದನ್ನ ಬಿಚ್ಚಿ ನೋಡೋದೇ ಇಲ್ಲ. ಉಡೋದೇ ನಮ್ಮ ತಪಾಸಣೆ.

"ಮಗಳಿಗೆ ಅಂತ ಇಟ್ಟಿದ್ದೀನಿ." ಒಳ್ಳೇದು. ಆದ್ರೆ ಮಗಳ ಕೈಗೆ ಸೀಳಿದ ಸೀರೆ ಕೊಡೋದಕ್ಕಿಂತ, ಅಮ್ಮ ಉಟ್ಟಿದ್ದನ್ನ ಅವಳು ಕಣ್ಣಾರೆ ನೋಡಿದ ಸೀರೆ ಕೊಡಿ.

"ಕತ್ತರಿಸಿ ಲೆಹೆಂಗಾ ಹೊಲಿಸ್ಲಾ?" ಮೈ ಬಟ್ಟೆ ಪೂರ್ತಿ ಹೋಗಿದ್ದು ಅಂಚು ಮಾತ್ರ ಚೆನ್ನಾಗಿದ್ರೆ ಹೊಲಿಸಿ, ತಪ್ಪಿಲ್ಲ. ಗಟ್ಟಿ ಇರೋ ಸೀರೆಗೆ ಕತ್ತರಿ ಹಾಕೋ ಮುಂಚೆ ಸಾವಿರ ಸಲ ಯೋಚಿಸಿ. ಸಣ್ಣ ಹರುಕು ಆದ್ರೆ ರಫು ಮಾಡೋರನ್ನ ಹುಡುಕಿ.

ಯಾವುದೂ ಮಾಡ್ಲಿಲ್ಲ ಅಂದ್ರೆ ಕೊನೆಗೆ ಏನಾಗತ್ತೆ ಗೊತ್ತಾ? ಪೇಟೆಯಲ್ಲಿ "ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ" ಅನ್ನೋ ಬೋರ್ಡ್ ನೋಡಿರ್ತೀರಿ. ಅವರಿಗೆ ಬೇಕಿರೋದು ಸೀರೆ ಅಲ್ಲ, ಜರಿಯೊಳಗಿನ ಬೆಳ್ಳಿ. ತೂಕ ಹಾಕ್ತಾರೆ, ಸುಟ್ಟು ಬೆಳ್ಳಿ ತೆಗೀತಾರೆ. ಅಕೌಂಟ್ಸಿನಲ್ಲಿ ಅದಕ್ಕೆ ಸ್ಕ್ರ್ಯಾಪ್ ವ್ಯಾಲ್ಯೂ ಅಂತೀವಿ. ಜರಿ ಪ್ಲಾಸ್ಟಿಕ್ ಆಗಿದ್ರೆ ಅದೂ ಇಲ್ಲ.

ಹಾಗಾಗಿ ಈ ಭಾನುವಾರ ಒಂದು ಕೆಲಸ ಮಾಡಿ. ಅಮ್ಮನ, ಅಕ್ಕನ, ಅತ್ತಿಗೆಯ ಧಾರೆ ಸೀರೆ ಎಲ್ಲಿದೆ ಅಂತ ಕೇಳಿ. ಕೈ ಒಣಗಿಸಿಕೊಂಡು, ಬಳೆ ಉಂಗುರ ತೆಗೆದಿಟ್ಟು, ಮೆಲ್ಲಗೆ ಬಿಚ್ಚಿ. ಪ್ಲಾಸ್ಟಿಕ್ ಕಿತ್ತು ಬಿಸಾಕಿ. ಪಿನ್ನು ಹುಡುಕಿ. ಮಡಿಕೆ ಬದಲಿಸಿ, ಪಂಚೆಯಲ್ಲಿ ಸುತ್ತಿ. ಆಮೇಲೆ ಮುಂದಿನ ಹಬ್ಬಕ್ಕೆ ಅದನ್ನೇ ಉಡೋಕೆ ಹೇಳಿ. ಉಟ್ಟ ಮೇಲೆ ಫೋಟೋ ಹಾಕಿ. ಕೆಳಗೆ ಯಾರಾದ್ರೂ "ರಿಪೀಟಾ?" ಅಂತ ಕೇಳಿದ್ರೆ "ಹೌದು, ಇದು ಎರಡನೇ ಸಲ, ಇನ್ನೂ 29 ಬಾಕಿ ಇದೆ" ಅಂತ ಉತ್ತರ ಕೊಡಿ.

#ಧಾರೆಸೀರೆ #ಮತ್ತೆಉಡಿ #ಬಿಕಾಂಲೆಕ್ಕ